ಹಿಂದಿನ ಗಾಲಿಯ ಬ್ರೇಕು

ಹಿಂದಿನ ಗಾಲಿಗೂ ಬ್ರೇಕು ಬೇಕೆಂದು ಹಟ ಹಿಡಿದವಳು ನಾನೇ. ಯಾರು ಏನೇ ಅನ್ನಲಿ, ಆ ಮಾತನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ನಲವತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ನಮ್ಮ ಅಂಗಳದಲ್ಲಿ ಅಪ್ಪ ಮರದ ದೋಣಿ ಕಟ್ಟುತ್ತಿದ್ದ. ಬಳ್ಳಾರಿಯಲ್ಲಿ ಹೊಳೆ ಎಲ್ಲಿದೆ ಎಂದು ನಗುವವರು ನಗಲಿ. ಮರ, ಕಬ್ಬಿಣ, ಕಮ್ಮಾರ ಎಲ್ಲ ಸಿಗುತ್ತಿದ್ದುದು ಇಲ್ಲೇ. ಕಟ್ಟಿದ ದೋಣಿಯನ್ನು ನಾಲ್ಕು ಗಾಲಿಯ, ಎರಡು ಅಚ್ಚಿನ ಉದ್ದನೆಯ ಬಂಡಿಗೆ ಏರಿಸಿ, ಕುರುಗೋಡಿನ ದಾರಿ ಹಿಡಿದು ಸಿರುಗುಪ್ಪಕ್ಕೆ ಒಯ್ದು ತುಂಗಭದ್ರೆಗೆ ಇಳಿಸುತ್ತಿದ್ದರು. ಬ್ರೇಕು ಮಾತ್ರ ಮುಂದಿನ ಗಾಲಿಗಳಿಗೆ. ಹಗ್ಗ ಜಗ್ಗಿದರೆ ಜಾಲಿ ಕಟ್ಟಿಗೆಯ ತುಂಡುಗಳು ಗಾಲಿಯ ಕಬ್ಬಿಣದ ಪಟ್ಟಿಗೆ ಒತ್ತುತ್ತಿದ್ದವು, ಅಷ್ಟೆ. ಒಮ್ಮೆ ಕುರುಗೋಡಿನ ಗುಡ್ಡದ ಹತ್ತಿರ ಇಳಿಜಾರಿನಲ್ಲಿ ಬಂಡಿ ದೋಣಿಯ ಭಾರಕ್ಕೆ ಎತ್ತುಗಳ ಮೇಲೇ ನುಗ್ಗಿತು. ನಾನು ಮೇವು ಹಾಕಿ ಬೆಳೆಸಿದ ಎತ್ತು ಕಾಲು ಮುರಿದುಕೊಂಡು ಬಿತ್ತು, ಮತ್ತೆ ಏಳಲಿಲ್ಲ. ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

"ಹಿಂದಿನ ಗಾಲಿಗೂ ಬ್ರೇಕ್ ಹಾಕಸ್ರಿ. ಇಲ್ಲಾಂದ್ರ ಹೊಸ ಎತ್ತು ತರಬ್ಯಾಡ್ರಿ," ಎಂದೆ.

"ಹಿಂದ ಕುಂತು ಅದನ್ನ ತಿರುವೋರು ಯಾರು?" ಅಪ್ಪ ಕೇಳಿದ.

"ನಾನು."

"ಮದಿವಿ ಆಗೋ ಹುಡುಗಿ ಬಂಡಿ ಹಿಂದ ಕುಂತು ಹೋದ್ರ ಮಂದಿ ಏನಂದಾರು?"

"ಮಂದಿ ಬಂದು ಬಂಡಿ ಹಿಡೀತಾರೇನು?"

ಅಪ್ಪ ಗೊಣಗುತ್ತಲೇ ಗುಜರಿ ಲಾರಿಯೊಂದರ ತಿರುಪಿನ ಹಿಡಿ ತಂದ. ಕಮ್ಮಾರ ಅದನ್ನು ಹಿಂದಿನ ಅಚ್ಚಿಗೆ ಜೋಡಿಸಿದ. ಹಿಡಿ ತಿರುವಿದರೆ ಎರಡೂ ಕಡೆಯ ತುಂಡುಗಳು ಒಟ್ಟಿಗೆ ಗಾಲಿ ಕಚ್ಚುತ್ತಿದ್ದವು. ಈ ಒಂದು ಸಲ ಮಾತ್ರ ಕೂತುಕೋ ಎಂದು ಅಪ್ಪ ಒಪ್ಪಿದ.

ಹೊರಡುವ ಹಿಂದಿನ ದಿನ ಆಯುಧಪೂಜೆ. ನಮ್ಮಲ್ಲಿ ಅಂದು ಉಳಿ, ಬಾಚಿ, ಗರಗಸ, ಬಂಡಿ ಎಲ್ಲಕ್ಕೂ ಹರಳೆಣ್ಣೆ ಸವರಿ ಕುಂಕುಮ ಇಡಬೇಕು. ನಾನು ಒಲೆಯ ಮುಂದಿದ್ದೆ. ಅಜ್ಜಿ ಭಕ್ತಿಯಿಂದ ಬ್ರೇಕಿನ ನಾಲ್ಕೂ ತುಂಡುಗಳಿಗೆ ಎಣ್ಣೆ ಕುಡಿಸಿಬಿಟ್ಟಿದ್ದಳು.

ಅದು ತಿಳಿದದ್ದು ಅದೇ ಇಳಿಜಾರಿನಲ್ಲಿ. ಮುಂದೆ ಅಪ್ಪ ಹಗ್ಗ ಜಗ್ಗಿದ, ಹಿಂದೆ ನಾನು ಹಿಡಿ ತಿರುವಿದೆ. ಗಾಲಿ ನಿಲ್ಲಲಿಲ್ಲ. ಕಟ್ಟಿಗೆ ಜಾರುತ್ತಿತ್ತು, ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯಿತು. ಎತ್ತುಗಳ ಗೊರಸು ಕಲ್ಲಿನ ಮೇಲೆ ಜಾರುವ ಸದ್ದು ಕೇಳಿತು. ಹಿಡಿಯನ್ನು ಸಡಿಲಿಸಿ ಕೆಳಗೆ ಹಾರಿದೆ. ಉಟ್ಟಿದ್ದ ಹಬ್ಬದ ಸೀರೆಯ ಸೆರಗನ್ನು ಹರಿದು ಹಿಂದಿನ ಒಂದು ಗಾಲಿಗೂ ಕಟ್ಟಿಗೆಗೂ ನಡುವೆ ತುರುಕಿ, ಬಂಡಿಯ ಜೊತೆಗೇ ಓಡುತ್ತ ಹಿಡಿಯನ್ನು ಮೈಭಾರವೆಲ್ಲ ಹಾಕಿ ತಿರುವಿದೆ. ಬಟ್ಟೆ ಸುಟ್ಟ ವಾಸನೆ ಬಂತು. ಆ ಒಂದು ಗಾಲಿಯನ್ನು ಕಟ್ಟಿಗೆ ಕಚ್ಚಿತು, ಬಂಡಿ ಕಿರುಗುಟ್ಟಿ ನಿಂತಿತು.

ದಾರಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಪ್ಪ ಓಡಿ ಬಂದ. "ಮೈ ಮುಚ್ಕೊಳ್ಳೇ, ಮಂದಿ ನೋಡಾಕತ್ತಾರ."

"ನೋಡ್ಲಿ. ನೀವು ಮೊದಲು ಎತ್ತಿನ ಕಾಲು ನೋಡ್ರಿ."

ಅಪ್ಪ ಮುಂದೆ ಹೋದ. ಎರಡೂ ಎತ್ತುಗಳ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಗಾಯವಿರಲಿಲ್ಲ. ತಿರುಗಿ ಬಂದು ಹೆಗಲ ಮೇಲಿನ ಶಲ್ಯ ತೆಗೆದ. ನನಗೆ ಹೊದಿಸುತ್ತಾನೆ ಎಂದುಕೊಂಡು, ಬೇಡವೆನ್ನಲು ಕೈ ಎತ್ತಿದೆ. ಅವನು ನನ್ನತ್ತ ನೋಡಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಆ ಶಲ್ಯವನ್ನು ಹಿಂದಿನ ಇನ್ನೊಂದು ಗಾಲಿಯ ಬ್ರೇಕಿನ ಕಟ್ಟಿಗೆಗೆ ಬಿಗಿಯಾಗಿ ಸುತ್ತಿದ.

"ಬಂಡಿ ಹತ್ತು," ಎಂದ. "ಇಳಿಜಾರು ಇನ್ನೂ ಐತಿ."