ಕಣ್ಣಿಗೊತ್ತಿಕೊಂಡ ಕೊಳವೆಗಳು

ಅದು 2001ರ ಆಯುಧಪೂಜೆ ಕಳೆದ ವಾರ. ನಾನು ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಸಂಶೋಧಕಿಯಾಗಿದ್ದೆ. ನನ್ನ ಪತಿ ದುಡಿಯುತ್ತಿದ್ದ ಮೌಂಟನ್ ವ್ಯೂನ ಇಂಟರ್ನೆಟ್ ಕಂಪನಿ ಆ ಬೇಸಿಗೆಯಲ್ಲಿ ಮುಚ್ಚಿಹೋಗಿತ್ತು. ಇಡೀ ಸಂಸಾರ ನಿಂತಿದ್ದುದು ನನ್ನೊಬ್ಬಳ ವೀಸಾದ ಮೇಲೆ; ಕೆಲಸ ಹೋದರೆ ಅದೂ ಹೋಗಿ ಊರಿಗೆ ಮರಳಬೇಕಿತ್ತು.

ಬ್ಯಾಕ್ಟೀರಿಯಾದ ಜೀನು ಪ್ರೋಟೀನ್ ತಯಾರಿಸಲು ಕಳುಹಿಸುವ ಸಂದೇಶವೇ ಎಂಆರ್‌ಎನ್‌ಎ. ಸ್ವಲ್ಪ ಹೊತ್ತಿನಲ್ಲೇ ಕಿಣ್ವವೊಂದು ಅದನ್ನು ಕತ್ತರಿಸಿ ಹಾಕುತ್ತದೆ. ಹಳೆಯ ಆಜ್ಞೆ ಹೀಗೆ ಅಳಿದರೆ ಮಾತ್ರ ಆ ಜೀವಿ ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಬಲ್ಲದು. ಕಿಣ್ವವನ್ನು ಕುಂಠಿತಗೊಳಿಸಿದರೆ ಸಂದೇಶ ಹೆಚ್ಚು ಹೊತ್ತು ಉಳಿಯುವುದೇ ಎಂಬುದು ನಮ್ಮ ಪ್ರಶ್ನೆ. ಹೊಸ ಸಂದೇಶ ಹುಟ್ಟದಂತೆ ಔಷಧ ಹಾಕಿ, ನಿಮಿಷ ನಿಮಿಷಕ್ಕೂ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿ ಮಾದರಿ ತೆಗೆಯುತ್ತಿದ್ದೆ. ಅಂಥದೇ ಕಿಣ್ವಗಳು ನಮ್ಮ ಬೆರಳಿನ ಚರ್ಮದ ಮೇಲೂ ಇರುವುದರಿಂದ ಗ್ಲೌಸಿಲ್ಲದೆ ಏನನ್ನೂ ಮುಟ್ಟುವಂತಿರಲಿಲ್ಲ.

ಕತ್ತಲಕೋಣೆಯಲ್ಲಿ ಆ ಮಾದರಿಗಳ ಎಕ್ಸ್-ರೇ ಫಿಲ್ಮು ತೊಳೆದು ಹೊರಗೆ ತಂದು ಬೆಳಕಿಗೆ ಹಿಡಿದೆ. ಸಂದೇಶದ ಕಪ್ಪು ಪಟ್ಟಿಗಳು ಮೂಡಬೇಕಿದ್ದ ಕಡೆ ಏನೂ ಇರಲಿಲ್ಲ. ಕಂಪನಿಗೆ ಹಣ ಹೂಡಿದವರು ಫಲಿತಾಂಶ ನೋಡಲು ಶುಕ್ರವಾರ ಬರುವವರಿದ್ದರು.

ಮೈಸೂರಿನವರಾದ ನಮ್ಮ ಮುಖ್ಯಸ್ಥ ರಾಯರು ಫಿಲ್ಮನ್ನು ನೋಡಿದರು. ಪ್ರಯೋಗಾಲಯದ ಅರ್ಧ ಜನ ಬೆಂಗಳೂರಿನವರೇ, ಅವರೆಲ್ಲರ ಎದುರಿಗೇ ಕನ್ನಡದಲ್ಲಿ ಹೇಳಿದರು: "ಏನಮ್ಮಾ, ಈ ವಯಸ್ಸಲ್ಲಿ ಗ್ಲೌಸ್ ಹಾಕ್ಕೊಳ್ಳೋದನ್ನೂ ನಾನೇ ಹೇಳ್ಕೊಡ್ಬೇಕಾ? ಅಡುಗೆಮನೆ ಅಂದ್ಕೊಂಡ್ರಾ ಇದನ್ನ? ಶುಕ್ರವಾರದೊಳಗೆ ರಿಸಲ್ಟ್ ಬರ್ಲಿಲ್ಲಾಂದ್ರೆ ನಿಮ್ಮ ಪೊಸಿಷನ್ ಉಳಿಯಲ್ಲ."

ಮನೆಯಲ್ಲಿ ನನ್ನ ಮುಖ ನೋಡಿದ ಮಗಳು, "ಅಮ್ಮಾ, ಆರ್ ವಿ ಮೂವಿಂಗ್ ಟೂ?" ಎಂದಳು. ಅವಳ ಗೆಳತಿಯರ ಕುಟುಂಬಗಳು ಒಂದೊಂದಾಗಿ ಊರಿಗೆ ಮರಳುತ್ತಿದ್ದವು.

ಮರುದಿನ ಭಯವನ್ನು ಬದಿಗಿಟ್ಟು ಯೋಚಿಸಿದೆ. ಸಂದೇಶ ಬ್ಯಾಕ್ಟೀರಿಯಾದೊಳಗೆ ನಾಶವಾಗಿದ್ದರೆ ಔಷಧ ಹಾಕುವ ಮೊದಲು ತೆಗೆದ ಮಾದರಿಯಲ್ಲಾದರೂ ಕಾಣಬೇಕಿತ್ತು. ಅದರಲ್ಲೂ ಇರಲಿಲ್ಲ. ಹಾಗಾದರೆ ಅದು ನಾಶವಾದದ್ದು ನಮ್ಮ ಕೊಳವೆಗಳಲ್ಲಿ! ಕೊಳವೆಗಳ ಡಬ್ಬಿಯ ಮುಚ್ಚಳ ತೆಗೆದೆ. ಒಳಬದಿಯಲ್ಲಿ ಕುಂಕುಮದ ಬೆರಳಗುರುತು.

ಆಯುಧಪೂಜೆಯಂದು ಪ್ರಯೋಗಾಲಯದ ಯಂತ್ರಗಳಿಗೆ ಕುಂಕುಮ ಇಟ್ಟವಳು ನಾನು. ಗ್ಲೌಸು ಹಾಕಿಯೇ, ಹೊರಮೈಗೆ ಮಾತ್ರ; ಡಬ್ಬಿಯೊಳಗೆ ಕೈ ಹಾಕಿರಲಿಲ್ಲ. ಡಬ್ಬಿಯನ್ನು ರಾಯರ ಮೇಜಿನ ಮೇಲಿಟ್ಟೆ.

"ಇದನ್ನ ಯಾರು ಮುಟ್ಟಿದ್ರು?" ಎಂದು ಕೇಳಿದೆ.

"ನಾನೇ. ಪೂಜೆ ಆದ್ಮೇಲೆ ಒಂದು ಹಿಡಿ ತಗೊಂಡು ಕಣ್ಣಿಗೊತ್ಕೊಂಡು ವಾಪಸ್ ಹಾಕ್ದೆ. ನಿಮ್ಮ ಎಕ್ಸ್‌ಪೆರಿಮೆಂಟ್ ಚೆನ್ನಾಗಾಗ್ಲಿ ಅಂತ."

"ಬರಿಗೈಯಲ್ಲೇನಾ?"

"ದೇವರ ಕೆಲ್ಸಕ್ಕೆ ಗ್ಲೌಸ್ ಹಾಕ್ತಾರೇನ್ರೀ..." ಎಂದವರು ಮಾತನ್ನು ಅರ್ಧಕ್ಕೇ ಬಿಟ್ಟು ಡಬ್ಬಿಯ ಮುಚ್ಚಳ ಮುಚ್ಚಿದರು.

ಹೊಸ ಡಬ್ಬಿ ಒಡೆದು ಎಲ್ಲವನ್ನೂ ಮತ್ತೆ ಮಾಡಿದೆ. ಈ ಬಾರಿ ಫಿಲ್ಮನ್ನು ಬೆಳಕಿಗೆ ಹಿಡಿಯಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ಕತ್ತಲಲ್ಲೇ ನಿಂತಿದ್ದೆ. ಪಟ್ಟಿಗಳು ಮೂಡಿದ್ದವು. ಶುಕ್ರವಾರ ರಾಯರು ಅತಿಥಿಗಳಿಗೆ, ಕೊಳವೆಗಳಲ್ಲಿ ಸಣ್ಣ ತೊಂದರೆಯಿತ್ತು, ಸರಿಪಡಿಸಿಕೊಂಡೆವು ಎಂದರು.

ಕೆಲಸ ಉಳಿಯಿತು. ಆದರೂ ಆಯುಧಪೂಜೆ ಬಂತೆಂದರೆ ಆ ಖಾಲಿ ಫಿಲ್ಮು ಕಣ್ಣೆದುರು ಬರುತ್ತದೆ. ಎಲ್ಲರೆದುರು ಅಡುಗೆಮನೆಯ ಮಾತಾಡಿದ ರಾಯರು, ಯಾರೂ ಇಲ್ಲದಾಗಲೂ ಕ್ಷಮೆ ಕೇಳಲಿಲ್ಲ. ಬ್ಯಾಕ್ಟೀರಿಯಾ ಹಳೆಯ ಸಂದೇಶವನ್ನು ನಿಮಿಷಗಳಲ್ಲಿ ಅಳಿಸಿಬಿಡುತ್ತದೆ. ನನಗೆ ಅದು ಇಂದಿಗೂ ಸಾಧ್ಯವಾಗಿಲ್ಲ. ಸಾಧ್ಯವಾಗಲಿ ಎಂದು ಅನ್ನಿಸಿಯೂ ಇಲ್ಲ.