ಮೋಟಾರು ತಾನೇ ಶುರುವಾದ ಮೇಲೆ

ಗೆಳೆಯರೇ, ಇವತ್ತು ಮಣ್ಣೂರಿನ ನಮ್ಮ ಹೊಲದಲ್ಲಿ ಕಬ್ಬಿಗೆ ನೀರು ಬಿಡುವ ಪಾಳಿ ನನ್ನದು. ಕರೆಂಟು ಬಂದರೆ ಆಟೋ ಸ್ಟಾರ್ಟರ್ ಮೋಟಾರನ್ನು ತಾನೇ ಚಾಲೂ ಮಾಡುತ್ತದೆ. ಒಂದು ಮಡಿ ತುಂಬಿದ ಮೇಲೆ ನೀರನ್ನು ಇನ್ನೊಂದಕ್ಕೆ ತಿರುಗಿಸುವುದಷ್ಟೇ ನನ್ನ ಕೆಲಸ. ನಾನು ಬೇವಿನ ನೆರಳಲ್ಲಿ ಮೊಬೈಲ್ ಹಿಡಿದು, ಇನ್ನು ನಾಲ್ಕು ದಿನಕ್ಕಿರುವ ಕ್ಲೌಡ್ ಆಟೋಮೇಷನ್ ಪರೀಕ್ಷೆಗೆ ಓದುತ್ತಿದ್ದೆ. ಬೇಕಾದದ್ದನ್ನು ಒಮ್ಮೆ ಬರೆದಿಟ್ಟರೆ ಸಾಕು, ಎಲ್ಲೋ ದೂರದಲ್ಲಿ ಸರ್ವರುಗಳು ಒಂದರ ಹಿಂದೊಂದು ತಾವೇ ಎದ್ದು ನಿಲ್ಲುತ್ತವೆ. ಭೀಮಾ ಹೊಳೆಯ ಗಾಳಿಗೆ ಕಣ್ಣು ಎಳೆಯಿತು. ಮೋಡದೊಳಗೆ ಸಾಲುಸಾಲಾಗಿ ದೀಪ ಹೊತ್ತಿಕೊಳ್ಳುತ್ತಿದ್ದವು. ನೀರಿನ ಸದ್ದೂ ಆ ಕನಸಿನದೇ ಅಂದುಕೊಂಡೆ.

"ಏನ್ ಓದಾಕತ್ತೀ ಬೇ?" ಪಕ್ಕದ ಹೊಲದ ಗೌರಕ್ಕ ಬದುವಿನ ಮೇಲೆ ನಿಂತಿದ್ದಳು.

"ಎಲ್ಲಾ ತಾನೇ ಆಗೂವಂಗ ಮಾಡೂದು, ಅಕ್ಕಾ."

"ತಾನೇ ಆಗ್ಯಾದ, ಏಳು! ನಾ ಒಣಗಾಕ ಹಾಕಿದ ಉಳ್ಳಾಗಡ್ಡಿ ತೇಲಾಕತ್ಯಾವ!"

ಕರೆಂಟು ಬಂದು, ಮಡಿ ತುಂಬಿದ ನೀರು ಬದು ದಾಟಿ ಅವಳ ಹೊಲಕ್ಕೆ ನುಗ್ಗಿತ್ತು. ಓಡಿಹೋಗಿ ಮೋಟಾರು ನಿಲ್ಲಿಸಿದೆ. ಸಂಜೆಯವರೆಗೂ ಇಬ್ಬರೂ ಕೆಸರಲ್ಲಿ ಕೂತು ಈರುಳ್ಳಿ ಆರಿಸಿದೆವು.

ಆಮೇಲೆ ಮೊಬೈಲ್ ತೆರೆದರೆ ಅರ್ಧಕ್ಕೆ ಬಿಟ್ಟ ಅಭ್ಯಾಸದ ಪ್ರಶ್ನೆ ಇನ್ನೂ ಕಾಯುತ್ತಿತ್ತು: ಆಟೋಮೇಷನ್ನಿನ ಮುಖ್ಯ ಲಾಭವೇನು? ಕೆಸರು ಬೆರಳಲ್ಲೇ ಒತ್ತಿದೆ: ಕೈಕೆಲಸ ತಪ್ಪುತ್ತದೆ.

ಉತ್ತರ ಸರಿ ಅಂತ ಬಂತು. ಗೌರಕ್ಕನಿಗೆ ತೋರಿಸುವ ಧೈರ್ಯ ಬರಲಿಲ್ಲ.