ಅವ್ವ ಕೇಳಿಸಿಕೊಂಡ ಪಾಠ

ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿ ಚನ್ನಗಿರಿಯಲ್ಲಿ ಒಂದು ಶಾಲೆಯ ಹಿಂಗೋಡೆಗೆ ಅಂಟಿಕೊಂಡಿದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆ ಗೋಡೆಯ ಮೇಲಿನಿಂದ ಬೆಂದ ತೊಗರಿಬೇಳೆಯ ವಾಸನೆ, ಅದರ ಬೆನ್ನಿಗೇ ಒಗ್ಗರಣೆಯ ಘಾಟು ಇಳಿದು ಬರುತ್ತದೆ. ಗಿರಾಕಿಗಳು “ಹೊಟ್ಟೆ ಹಸಿಯಂಗೆ ಮಾಡ್ತೈತೆ ನೋಡ್ರಿ” ಎನ್ನುತ್ತಾರೆ. ನನಗೆ ಹಸಿವಾಗುವುದಿಲ್ಲ, ಕಿವಿ ನಿಮಿರುತ್ತದೆ. ನೂರು ಮಕ್ಕಳ ಸಾಂಬಾರು ಕುದಿಯುವ ಜಾಗಕ್ಕೆ ಪಕ್ಕದ ಕೋಣೆಯ ಪಾಠವೂ ಕೇಳಿಸುತ್ತದೆ ಎಂಬುದು ನನಗೆ ಬಹಳ ತಡವಾಗಿ ತಿಳಿದ ಸಂಗತಿ. ಅದು ತಿಳಿದದ್ದು ಎರಡು ವರ್ಷದ ಹಿಂದೆ, ನಮ್ಮೂರಿನ ಪ್ರೌಢಶಾಲೆಯಲ್ಲಿ, ಊರಿನ ಅರ್ಧ ಜನರೆದುರು. ತಮಗೆ ಬಿಡುವಿದ್ದರೆ ಆ ದಿನದ ಕಥೆಯನ್ನು ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅಪ್ಪ ಅಡಿಕೆ ಮಂಡಿಯಲ್ಲಿ ಹಮಾಲಿ. ಅವ್ವ ಊರಿನ ಪ್ರೌಢಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಊರೆಲ್ಲ ಅವಳನ್ನು ಗಂಗಕ್ಕ ಎನ್ನುತ್ತದೆ. ಕಾಲೇಜಿನ ಪ್ರವೇಶದ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬ ಖಾಲಿ ಜಾಗ ಎದುರಾದಾಗ ಮೂರು ವರ್ಷವೂ ನಾನು ‘ಗೃಹಿಣಿ’ ಎಂದು ತುಂಬಿದೆ. ಸುಳ್ಳೇನೂ ಅಲ್ಲವಲ್ಲ, ಮನೆಯಲ್ಲಿಯೂ ಅವಳೇ ಅಡುಗೆ ಮಾಡುತ್ತಾಳೆ ಎಂದು ನನಗೆ ನಾನೇ ವಾದ ಮಾಡಿಕೊಂಡಿದ್ದೆ. ಓದಿದವರಿಗೆ ವಾದಗಳು ಬೇಗ ಸಿಗುತ್ತವೆ.

ನಮ್ಮ ಕಡೆಯ ಒಂದು ರೂಢಿ ತಮಗೂ ಗೊತ್ತಿರಬಹುದು. ಊರಿನಲ್ಲಿ ಯಾರಾದರೂ ಡಿಗ್ರಿ ಮುಗಿಸಿದರೆ ಆ ದಿನದಿಂದ ಊರಿನ ಅರ್ಜಿಗಳೆಲ್ಲ ಅವರ ಪಾಲಿಗೆ ಬರುತ್ತವೆ. ಬೀದಿ ದೀಪ, ಬೋರ್‌ವೆಲ್, ಪಿಂಚಣಿ, ಬಸ್ ನಿಲುಗಡೆ, ಎಲ್ಲವೂ. ನಾನು ಹಾಳೆಯ ಎಡಭಾಗವನ್ನು ಅಳತೆ ಹಿಡಿದು ಮಡಿಸಿ ಅಂಚು ಬಿಡುತ್ತಿದ್ದೆ. ‘ಸದರಿ’, ‘ಮೇಲ್ಕಂಡ’, ‘ತಮ್ಮ ಅವಗಾಹನೆಗೆ’ ಎಂಬ ಪದಗಳನ್ನು ಬೀಗರ ಊಟಕ್ಕೆ ಎಲೆ ಹಾಕುವಂತೆ ಸಾಲಾಗಿ ಜೋಡಿಸುತ್ತಿದ್ದೆ. ಅರ್ಥವೇ ಆಗದಷ್ಟು ಚೆನ್ನಾಗಿದೆ ಎಂದು ಜನ ಮೆಚ್ಚುತ್ತಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಬಸಣ್ಣನವರು ನಮ್ಮ ಮನೆಯ ಜಗುಲಿಗೆ ಬಂದು ಕುಳಿತರು.

“ತಂಗಿ, ಒಂದು ಅರ್ಜಿ ಆಗ್ಬೇಕು. ಬಿಗಿಯಾಗಿರ್ಬೇಕು. ಚನ್ನಗಿರಿಯ ಶಿಕ್ಷಣಾಧಿಕಾರಿಗಳು ಓದಿದ ಕೂಡ್ಲೇ ಎದ್ದು ನಿಲ್ಬೇಕು.”

ವಿಷಯ ಇದು. ಆ ವರ್ಷ ಜಗಳೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ವಿಜ್ಞಾನದ ಮೇಡಂ ಒಂಬತ್ತನೆಯ ತರಗತಿಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನು ಮಕ್ಕಳು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಅದಕ್ಕೆ ಹಾಕಬೇಕು, ಶನಿವಾರ ಅವರು ಓದಿ ಉತ್ತರಿಸಬೇಕು. ಮೊಡವೆಯ ಬಗ್ಗೆ, ಮುಟ್ಟಿನ ಬಗ್ಗೆ, ಗಡ್ಡ ಬಾರದಿರುವ ಬಗ್ಗೆ ಚೀಟಿಗಳು ಬಂದವು. ಆ ಶನಿವಾರ ಬಂದ ಚೀಟಿಯಲ್ಲಿ, ಹುಡುಗನಿಗೆ ಹುಡುಗ, ಹುಡುಗಿಗೆ ಹುಡುಗಿ ಇಷ್ಟವಾದರೆ ಅದು ಕಾಯಿಲೆಯೇ, ಯಾವ ಡಾಕ್ಟರಿಗೆ ತೋರಿಸಬೇಕು ಎಂದಿತ್ತು. ಬರೆದವರು ಹುಡುಗನೋ ಹುಡುಗಿಯೋ ತಿಳಿಯದಂತೆ ಎಚ್ಚರಿಕೆಯಿಂದ ಕಟ್ಟಿದ ವಾಕ್ಯ. ಮೇಡಂ ಉತ್ತರ ಕೊಟ್ಟರು.

ಅವರು ಏನು ಉತ್ತರ ಕೊಟ್ಟರು ಎಂಬುದು ಅಡಿಕೆ ಸುಲಿಯಲು ಕೂರುವ ಹೆಂಗಸರ ಸಾಲಿಗೆ ತಲಪುವ ಹೊತ್ತಿಗೆ ಬೇರೆಯೇ ರೂಪ ತಾಳಿತ್ತು. ಸಾಲಿನ ಈ ತುದಿಯಲ್ಲಿ “ಏನೋ ಪ್ರೀತಿ ವಿಷಯ ಹೇಳಿದ್ರಂತೆ” ಎಂದು ಹೊರಟ ಮಾತು ಆ ತುದಿ ಮುಟ್ಟುವಾಗ “ಗಂಡಿಗೂ ಗಂಡಿಗೂ ಮದುವೆ ಮಾಡಾಕೆ ಸರ್ಕಾರದಿಂದ ಪುಸ್ತಕ ಬಂದೈತಂತೆ” ಎಂದಾಗಿತ್ತು. “ಜಗಳೂರಿನೋರು ಜಗಳಾನೇ ತಂದ್ರಲ್ಲೇ” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಮರುದಿನ ಯಾರೂ ನಗಲಿಲ್ಲ.

ನಾನು ಅರ್ಜಿ ಬರೆದೆ. ಮೂರು ಬೇಡಿಕೆಗಳಿದ್ದವು: ಆ ಪೆಟ್ಟಿಗೆಯನ್ನು ತೆಗೆಯುವುದು, ಮೇಡಂ ಅವರನ್ನು ಬೇರೆಡೆಗೆ ವರ್ಗಾಯಿಸುವುದು ಮತ್ತು ‘ಸದರಿ ಚೀಟಿಯನ್ನು ಬರೆದ ವಿದ್ಯಾರ್ಥಿಯ ಗುರುತನ್ನು ಪತ್ತೆಹಚ್ಚಿ ಸೂಕ್ತ ಕ್ರಮ ಜರುಗಿಸುವುದು’. ಕೊನೆಯ ವಾಕ್ಯವನ್ನು ಬರೆದು ನಾನು ಎರಡು ಬಾರಿ ಓದಿಕೊಂಡೆ. ಎಷ್ಟು ಅಚ್ಚುಕಟ್ಟಾಗಿದೆ ಎನಿಸಿತು. ಬಸಣ್ಣನವರು ಹೋಗುವ ಮುನ್ನ, “ಚೀಟಿ ಹೆಡ್‌ಮಾಸ್ತರ ಬೀರುವಿನಾಗೈತೆ, ಮೇಡಂ ಕೈಯಿಂದ ಇಸ್ಕಂಡವ್ರೆ. ಸಭೆ ದಿನ ಮಕ್ಕಳ ನೋಟ್‌ಬುಕ್ಕೂ ತರಿಸ್ತೀನಿ. ಅಕ್ಷರ ಹೋಲಿಸಿ ನೋಡೋ ಕೆಲ್ಸ ನಿಂದೇ. ನಿನ್ನಷ್ಟು ಓದಿದೋರು ಇಲ್ಲಿ ಯಾರವ್ರೆ?” ಎಂದರು. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ: ಆ ಮಾತು ಕೇಳಿ ನನಗೆ ಸಂತೋಷವಾಯಿತು.

ನಾನು ಬರೆಯುತ್ತಿದ್ದಾಗ ಅವ್ವ ಸೊಪ್ಪು ಬಿಡಿಸುತ್ತ ಅಲ್ಲೇ ಕುಳಿತಿದ್ದಳು.

“ಏನು ಬರಿತಿದೀಯೇ?”

“ಆಫೀಸಿನ ವಿಷಯ ಅವ್ವ. ನಿನಗೆ ತಿಳಿಯುವುದಿಲ್ಲ.”

ಅವಳು ಮುಂದಿನ ಕಟ್ಟಿನ ಸೊಪ್ಪಿಗೆ ಕೈ ಹಾಕಿದಳು. ಹನ್ನೊಂದು ವರ್ಷದಿಂದ ಅವಳು ಅಡುಗೆ ಮಾಡುತ್ತಿದ್ದ ಕೋಣೆಗೂ ಒಂಬತ್ತನೆಯ ತರಗತಿಗೂ ನಡುವೆ ಇದ್ದದ್ದು ಮೇಲ್ಛಾವಣಿ ಮುಟ್ಟದ ಒಂದು ಅರ್ಧ ಗೋಡೆ. ಆ ಪಾಠವನ್ನು ಕಿವಿಯಾರೆ ಕೇಳಿದ ದೊಡ್ಡವರು ಊರಿನಲ್ಲಿ ಒಬ್ಬರೇ ಇದ್ದರು, ಅವರು ನನ್ನಿಂದ ಎರಡು ಮಾರು ದೂರದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಸಭೆ ಶಾಲೆಯ ಅದೇ ತರಗತಿಯಲ್ಲಿ ಸೇರಿತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಲಾರದೆ ಓರೆಯಾಗಿ ಕುಳಿತಿದ್ದರು. ಮೇಡಂ ಕರಿಹಲಗೆಯ ಪಕ್ಕ ಕೈಕಟ್ಟಿ ನಿಂತಿದ್ದರು. ಅವರಿಗೆ ಕುರ್ಚಿ ಕೊಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ಮೇಜಿನ ಮೇಲೆ ನೋಟ್‌ಬುಕ್ಕುಗಳ ರಾಶಿ, ಅದರ ಪಕ್ಕ ನಾಲ್ಕು ಮಡಿಕೆಯ ಒಂದು ಚೀಟಿ.

ಮೊದಲು ಮಾತಾಡಿದವರು ಶಾಂತಕ್ಕ. ಅವರ ಮಗಳು ಆ ತರಗತಿಯಲ್ಲಿದ್ದಳು. “ಮೇಡಂ, ತಪ್ಪು ತಿಳೀಬ್ಯಾಡ್ರಿ. ನೀವು ಇಲ್ಲಿ ಹೇಳಿ ಮನೀಗೆ ಹೋಗ್ತೀರಿ. ನನ್ನ ಮಗಳು ಮನೇಲಿ ನನ್ನ ಕೇಳ್ತಾಳೆ. ನಾನೇನು ಹೇಳ್ಲಿ? ನನಗೇ ಯಾರೂ ಏನೂ ಹೇಳ್ಕೊಟ್ಟಿಲ್ಲ.” ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು ಎಂದು ನನಗೆ ಈಗ ಅನಿಸುತ್ತದೆ.

“ಅಂಥೋರು ನಮ್ಮೂರಾಗೆ ಇಲ್ವೇ ಇಲ್ಲ. ಇಲ್ಲದ್ದನ್ನ ಯಾಕೆ ಹೇಳ್ಕೊಡ್ಬೇಕು?” ಎಂದರು ಬಸಣ್ಣನವರು.

ಹಿಂದಿನ ಬೆಂಚಿನಿಂದ ಈರಜ್ಜ ಕೆಮ್ಮಿದರು. ಅವರ ಮೊಮ್ಮಕ್ಕಳೆಲ್ಲ ಓದು ಮುಗಿಸಿದ್ದರೂ ಅವರು ಯಾವ ಸಭೆಯನ್ನೂ ತಪ್ಪಿಸುತ್ತಿರಲಿಲ್ಲ. “ಯಾಕಿಲ್ಲೋ ಬಸಣ್ಣ? ಹುಣ್ಣಿಮೆಗೆ ಸೀರೆ ಉಟ್ಟು ಬರೋ ಜೋಗಪ್ಪನ ಪಡ್ಲಿಗೆ ಬುಟ್ಟಿಗೆ ಜೋಳ ಹಾಕಿ ಕಾಲಿಗೆ ಬೀಳೋದು ನಿಮ್ಮನೇರೇ ಅಲ್ವೇನು? ಅವನೇನು ಮೋಡದಿಂದ ಉದುರಿದ್ನಾ? ಯಾವುದೋ ಊರಿನ ಶಾಲೆ ಹುಡುಗನೇ ಅವನೂ.”

ಮೇಡಂ ಮೆಲ್ಲಗೆ, “ಅಜ್ಜಾರೇ, ಅದು ಬೇರೆ, ಚೀಟಿಯಲ್ಲಿ ಕೇಳಿದ್ದು ಬೇರೆ” ಎಂದರು.

“ಬೇರೇನಾ? ಹಂಗಾದ್ರೆ ಹೇಳ್ಕೊಡ್ರಿ ಮತ್ತೆ. ಎಪ್ಪತ್ತು ದಾಟಿದ್ರೂ ನನಗೇ ತಿಳಿದಿಲ್ಲ!”

ಒಂದಿಬ್ಬರು ನಕ್ಕರು. ಬಸಣ್ಣನವರು ನಗಲಿಲ್ಲ. “ತಂಗಿ, ಅರ್ಜಿ ಓದು” ಎಂದರು. ನಾನು ಎದ್ದು ನಿಂತು, ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ ಓದಿದೆ. ಅಷ್ಟರಲ್ಲಿ ಅವ್ವ ಚಹಾದ ತಟ್ಟೆ ಹಿಡಿದು ಒಳಗೆ ಬಂದಿದ್ದಳು. ಮೂರನೆಯ ಬೇಡಿಕೆ ಮುಗಿದಾಗ ಅವಳು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಸೂಕ್ತ ಕ್ರಮ ಅಂದ್ರೆ ಏನೇ?”

ಬಸಣ್ಣನವರು, “ಗಂಗಕ್ಕ, ಚಹಾ ಕೊಟ್ಟು ನಡಿ. ಇದು ನಿನ್ನ ಕೆಲ್ಸ ಅಲ್ಲ” ಎಂದರು. ಆ ಮಾತಿನ ಒಳಗೆ ಏನಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಅಡುಗೆಯವರನ್ನು ಉಳಿಸುವುದೂ ಕಳಿಸುವುದೂ ಬಹುಮಟ್ಟಿಗೆ ಸಮಿತಿಯ ಮಾತಿನ ಮೇಲೆ ನಿಂತಿರುತ್ತದೆ.

“ನನ್ನ ಮಗಳು ಬರ್ದಿದ್ದು, ಕೇಳ್ತೀನ್ರಿ” ಎಂದಳು ಅವ್ವ. ಮತ್ತೆ ನನ್ನ ಕಡೆ ತಿರುಗಿದಳು. “ಹೇಳು. ಆ ಮಗೂನ್ನ ಹಿಡಿದ ಮೇಲೆ ಏನ್ಮಾಡ್ತಾರೆ? ಹೊಡೀತಾರಾ? ಶಾಲೆ ಬಿಡಿಸ್ತಾರಾ? ಸಂತೇಲಿ ತೋರ್ಸಿ ನಗ್ತಾರಾ? ಹೆಣ್ಣಾಗಿದ್ರೆ ಯಾವನಿಗಾದ್ರೂ ಕಟ್ಟಿ ಕಳಿಸ್ತಾರಾ? ಯಾವುದು ಅಂತ ಬರ್ದಿದೀಯ ನೀನು?”

ನಾನು ಯಾವುದನ್ನೂ ಬರೆದಿರಲಿಲ್ಲ. ಎಲ್ಲವನ್ನೂ ಬರೆದಿದ್ದೆ. ನನ್ನ ಅಚ್ಚುಕಟ್ಟಾದ ಎರಡು ಪದಗಳೊಳಗೆ ಇದೆಲ್ಲಕ್ಕೂ ಜಾಗವಿತ್ತು ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ. ನಾನು ಅರ್ಜಿಯನ್ನು ನಾಲ್ಕಾಗಿ ಮಡಿಸಿದೆ.

“ಮೇಡಂ ಏನು ಹೇಳಿದ್ರು ಅಂತ ನಿಮ್ಮಲ್ಲಿ ಯಾರು ಕೇಳಿದೀರಿ?” ಎಂದು ಅವ್ವ ಬೆಂಚುಗಳ ಕಡೆ ನೋಡಿದಳು. “ನಾನು ಕೇಳಿದೀನಿ. ಅವತ್ತು ಶನಿವಾರ, ಉಪ್ಪಿಟ್ಟು. ರವೆ ಹುರೀತಿದ್ದೆ. ಅವರು ಹೇಳಿದ್ದು ಇಷ್ಟೇ: ಇದು ಕಾಯಿಲೆ ಅಲ್ಲ. ಕೆಲವರು ಹಿಂಗೇ ಇರ್ತಾರೆ, ಹಿಂದೂ ಇದ್ರು. ಕಾನೂನೂ ಇದನ್ನ ತಪ್ಪು ಅನ್ನಲ್ಲ. ನಿಮ್ದು ಓದೋ ವಯಸ್ಸು, ಓದಿ. ಯಾರನ್ನೂ ಆಡಿಕೋಬ್ಯಾಡಿ. ಇದನ್ನ ಬರೆದೋರು ಹೆದರಬ್ಯಾಡಿ, ನಾನಿದೀನಿ ಅಂದ್ರು. ಆಮೇಲೆ ಮೇಲಿಂದ ಬಿಟ್ಟ ಕಲ್ಲು ಯಾಕೆ ಕೆಳಗೇ ಬೀಳ್ತೈತೆ ಅನ್ನೋ ಪಾಠ ಮಾಡಿದ್ರು. ಅದನ್ನೂ ಹೇಳ್ಲಾ?”

ಮೇಡಂ ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ಶಾಂತಕ್ಕ, “ಅಷ್ಟೇನಾ?” ಎಂದರು. ಆ ಪ್ರಶ್ನೆಯಲ್ಲಿ ಸ್ವಲ್ಪ ನಿರಾಸೆಯೂ ಇತ್ತೆಂದು ತೋರುತ್ತದೆ. ನಾಲ್ಕು ದಿನ ಊರು ನಿದ್ದೆಗೆಟ್ಟಿದ್ದು ಇಷ್ಟಕ್ಕೇ ಎಂದರೆ ಯಾರಿಗೂ ಹಾಗೆಯೇ ಆದೀತು.

ಬಸಣ್ಣನವರ ಕೈ ನೋಟ್‌ಬುಕ್ಕಿನ ರಾಶಿಯ ಮೇಲಿತ್ತು. ಮೇಲಿನ ಪುಸ್ತಕ ಅವರ ಮಗನದೇ ಎಂಬುದನ್ನು ನಾನು ಆಗ ಗಮನಿಸಿದೆ. ಬಹುಶಃ ಅವರೂ ಆಗಲೇ ಗಮನಿಸಿದರು. ಈ ರಾಶಿಯಲ್ಲಿ ಸಿಕ್ಕಿಬೀಳುವ ಮಗು ಯಾರ ಮನೆಯದೂ ಆಗಿರಬಹುದು ಎಂಬ ಮಾತು ಯಾರೂ ಆಡದೆಯೇ ಆ ಕೋಣೆಯನ್ನು ಒಂದು ಸುತ್ತು ಬಂತು. ಅವರು ಮಡಿಕೆ ಬಿಚ್ಚದೆಯೇ ಚೀಟಿಯನ್ನು ಎತ್ತಿ ಅವ್ವನ ಕಡೆ ಚಾಚಿದರು.

“ಒಲೆಗೆ ಹಾಕು ಗಂಗಕ್ಕ.”

ಅವ್ವ ಹೋದಳು. ಅರ್ಧ ಗೋಡೆಯ ಆಚೆ ಗ್ಯಾಸಿನ ಒಲೆ ಹೊತ್ತಿದ ಸದ್ದು ನಮಗೆಲ್ಲ ಕೇಳಿಸಿತು. ಎಲ್ಲವೂ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಆಗ ನಮಗೆ ಮನದಟ್ಟಾಯಿತು.

ಎಲ್ಲರ ಮನಸ್ಸೂ ಆ ದಿನವೇ ಬದಲಾಯಿತೆಂದು ಬರೆದರೆ ಅದು ಇನ್ನೊಂದು ಅರ್ಜಿಯಾದೀತು. ಒಬ್ಬರು ಮಗಳ ಟಿ.ಸಿ. ತೆಗೆಸಿಕೊಂಡು ಹೊನ್ನಾಳಿಯ ಖಾಸಗಿ ಶಾಲೆಗೆ ಹಾಕಿದರು. ಇನ್ನೂ ಕೆಲವರು ಮೇಡಂ ಎದುರಾದರೆ ರಸ್ತೆಯ ಆ ಬದಿಗೆ ಸರಿಯುತ್ತಾರೆ. ಆದರೆ ಪೆಟ್ಟಿಗೆ ಉಳಿಯಿತು, ಮೇಡಂ ಉಳಿದರು. ಬೇಕೆನಿಸಿದ ತಂದೆತಾಯಂದಿರು ಶನಿವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು ಎಂದು ಸಮಿತಿಯ ನಡಾವಳಿಯಲ್ಲಿ ಬರೆಯಲಾಯಿತು. ಮೊದಲ ಶನಿವಾರ ಬಂದವರು ಶಾಂತಕ್ಕ ಮತ್ತು ಈರಜ್ಜ. ಈರಜ್ಜ ಪ್ರಶ್ನೆಗಳನ್ನು ಚೀಟಿಯಲ್ಲಿ ಹಾಕದೆ ನೇರವಾಗಿಯೇ ಕೇಳಿದ್ದರಿಂದ ಮಕ್ಕಳಿಗೆ ಮಾತಾಡಲು ಸಮಯವೇ ಸಿಗಲಿಲ್ಲವಂತೆ. ಇದೂ ಅವ್ವ ಹೇಳಿದ್ದೇ.

ಆ ಮಗು ಯಾರೆಂದು ನಮಗೆ ಇಂದಿಗೂ ಗೊತ್ತಿಲ್ಲ. ಅವ್ವನಿಗೆ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಇಷ್ಟು ಸಣ್ಣ ಊರು; ಯಾರ ಮನೆಯಲ್ಲಿ ಎಷ್ಟು ರೊಟ್ಟಿ ಬೇಯುತ್ತವೆ ಎಂದು ಎಣಿಸಿ ಹೇಳುವ ಊರು. ಅದು ಈ ಒಂದು ಸಂಗತಿಯನ್ನು ತಿಳಿಯದೆ ಇರಲು ಒಪ್ಪಿಕೊಂಡಿತು. ನನ್ನ ಊರಿನ ಬಗ್ಗೆ ಹೆಮ್ಮೆಯಿಂದ ಹೇಳಲು ಇದಕ್ಕಿಂತ ದೊಡ್ಡದು ನನ್ನ ಬಳಿ ಇಲ್ಲ.

ಕಳೆದ ವಾರ ಆ ತರಗತಿಯ ಮಕ್ಕಳು ಗುಂಪಾಗಿ ನನ್ನ ಅಂಗಡಿಗೆ ಬಂದರು. ಎಸ್ಸೆಸ್ಸೆಲ್ಸಿ ಮುಗಿದಿದೆ, ಪಿಯುಸಿಗೆ ಸೇರಲು ಅಂಕಪಟ್ಟಿಯ ಪ್ರತಿಗಳು ಬೇಕು, ಪ್ರವೇಶದ ಅರ್ಜಿ ತುಂಬಬೇಕು. ಗಲ್ಲಾದ ಮೇಲೆ ಮೊಣಕೈ ಊರಿ, ಒಬ್ಬರ ಪೆನ್ನು ಒಬ್ಬರು ಕಿತ್ತುಕೊಂಡು ಬರೆಯತೊಡಗಿದರು. ಅವರಲ್ಲಿ ಒಬ್ಬರು ಆ ಚೀಟಿಯನ್ನು ಬರೆದವರಿರಬಹುದು. ಹುಡುಗಿಯೊಬ್ಬಳು ತಲೆ ಎತ್ತಿ, “ಅಕ್ಕಾ, ತಾಯಿ ಉದ್ಯೋಗ ಅಂತ ಐತೆ. ನಮ್ಮವ್ವ ಕೂಲಿಗೆ ಹೋಗ್ತಾಳೆ. ಏನು ಬರೀಲಿ?” ಎಂದಳು.

“ಕೂಲಿ ಅಂತಾನೇ ಬರಿ. ಮುಚ್ಚಿಡೋದು ಏನೈತೆ ಅದ್ರಾಗೆ?” ಎಂದೆ. ನನ್ನ ಪುಸ್ತಕದ ಕನ್ನಡ ಎಲ್ಲಿ ಜಾರಿತೋ ಗೊತ್ತಾಗಲಿಲ್ಲ. “ನಮ್ಮವ್ವ ನಿಮಗೆ ಅನ್ನ ಹಾಕಿದೋಳು.”

“ಗಂಗಕ್ಕ ನಿಮ್ಮವ್ವಾನಾ!” ಎಂದು ಹಿಂದಿನಿಂದ ಯಾರೋ ಕೂಗಿದರು, ಪಕ್ಕದ ಊರಿನಿಂದ ಶಾಲೆಗೆ ಬರುತ್ತಿದ್ದವರಿರಬೇಕು. ಯಾವ ಮಗುವೆಂದು ನೋಡಲು ನಾನು ತಿರುಗಲಿಲ್ಲ. ಅವರು ತುಂಬಿದ ಹಾಳೆಗಳನ್ನು, ಯಾರ ಅಕ್ಷರವನ್ನೂ ನೋಡದೆ, ಬರಹ ಕೆಳಮುಖವಾಗುವಂತೆ ಯಂತ್ರದ ಗಾಜಿನ ಮೇಲಿಟ್ಟು, ಒಂದೊಂದಾಗಿ ಮುಚ್ಚಳ ಮುಚ್ಚಿದೆ.